ಒಳಗೆ ಬನ್ನಿ ಎನ್ನುವ ಕಟ್ಟಡಗಳು

ಲಂಡನ್ನಿನ ಲೈಮ್ ಸ್ಟ್ರೀಟ್‌ನಲ್ಲಿ ಲಾಯ್ಡ್ಸ್ ಅನ್ನುವ ವಿಮಾ ಮಾರುಕಟ್ಟೆಯ ಕಟ್ಟಡ ಇದೆ. ರಸ್ತೆಯಲ್ಲಿ ನಿಂತು ನೋಡಿದರೆ ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟ ಹಾಗೆ ಕಾಣುತ್ತದೆ. ಲಿಫ್ಟು, ಮೆಟ್ಟಿಲು, ನೀರಿನ ಪೈಪು, ಗಾಳಿಯ ಕೊಳವೆ, ಕೊನೆಗೆ ಶೌಚಾಲಯಗಳು ಕೂಡ ಗೋಡೆಯ ಆಚೆಗೇ ಇವೆ. ಎಲ್ಲವೂ ಬೆಳ್ಳಗೆ ಹೊಳೆಯುವ ಉಕ್ಕು. ಹಾದುಹೋಗುವವರು ಒಂದು ಗಳಿಗೆ ನಿಂತು, ಫೋಟೋ ತೆಗೆದುಕೊಂಡು, ಯಾಕಪ್ಪಾ ಹೀಗೆ ಕಟ್ಟಿದ್ದಾರೆ ಅಂತ ಕೇಳಿಕೊಂಡು ಮುಂದೆ ಹೋಗುತ್ತಾರೆ.

ಉತ್ತರ ಒಳಗಿದೆ. ಒಳಗೆ ಕಾಲಿಟ್ಟು ತಲೆ ಎತ್ತಿದರೆ ಸುಮಾರು 60 ಮೀಟರ್ ಎತ್ತರದವರೆಗೆ ಖಾಲಿ ಜಾಗ. ಮೇಲೆ ಗಾಜಿನ ಕಮಾನು. ಸುತ್ತಲೂ ಮಹಡಿಯ ಮೇಲೆ ಮಹಡಿ. ನಡುವೆ ಅಡ್ಡ ಬರುವ ಲಿಫ್ಟಿನ ಗೋಡೆ ಇಲ್ಲ, ಪೈಪು ಮುಚ್ಚುವ ಡಬ್ಬಿ ಇಲ್ಲ. ಅವೆಲ್ಲ ಹೊರಗೆ ಹೋಗಿದ್ದರಿಂದಲೇ ಒಳಗೆ ಇಷ್ಟು ಜಾಗ ಸಿಕ್ಕಿದೆ. ಇನ್ನೊಂದು ಲೆಕ್ಕಾಚಾರವೂ ಇದೆ. ಕಟ್ಟಡದ ಕಂಬ, ತೊಲೆಗಳು ತಲೆಮಾರುಗಟ್ಟಲೆ ಬಾಳುತ್ತವೆ. ಲಿಫ್ಟು, ಪೈಪುಗಳು ಅಷ್ಟು ವರ್ಷ ಬಾಳುವುದಿಲ್ಲ. ಅವು ಹೊರಗಿದ್ದರೆ ಒಳಗಿನ ಕೆಲಸ ನಿಲ್ಲಿಸದೆ ಬಿಚ್ಚಿ ಬದಲಾಯಿಸಬಹುದು. ಆರ್ಕಿಟೆಕ್ಟ್ ರಿಚರ್ಡ್ ರೋಜರ್ಸ್ ಈ ಯೋಚನೆಯಿಂದ ಕಟ್ಟಿದ್ದು. ಕಟ್ಟಡ ಮುಗಿದದ್ದು 1986ರಲ್ಲಿ. ಬರೀ 25 ವರ್ಷಕ್ಕೇ, 2011ರಲ್ಲಿ, ಅದಕ್ಕೆ ಪಾರಂಪರಿಕ ಕಟ್ಟಡದ ಅತಿ ಎತ್ತರದ ದರ್ಜೆ ಸಿಕ್ಕಿತು.

ಒಳಗೆ ನಡುಮಧ್ಯೆ ಒಂದು ಹಳೆಯ ಗಂಟೆ ನೇತಾಡುತ್ತದೆ. 1799ರಲ್ಲಿ ಮುಳುಗಿದ ಲುಟೀನ್ ಎಂಬ ಹಡಗಿನ ಗಂಟೆ ಅದು. ಹಿಂದೆಲ್ಲ ಕೆಟ್ಟ ಸುದ್ದಿಗೆ ಒಂದು ಸಲ, ಒಳ್ಳೆಯ ಸುದ್ದಿಗೆ ಎರಡು ಸಲ ಬಾರಿಸುತ್ತಿದ್ದರು. ಹನ್ನೊಂದನೇ ಮಹಡಿಯಲ್ಲಂತೂ ಹದಿನೆಂಟನೇ ಶತಮಾನದ ಊಟದ ಕೋಣೆಯೊಂದು ಹಾಗೇ ಇದೆ. ಆ ಕಾಲದ ಆರ್ಕಿಟೆಕ್ಟ್ ರಾಬರ್ಟ್ ಆಡಮ್ ಒಂದು ಹಳ್ಳಿ ಬಂಗಲೆಗೆ ಅಂತ ಮಾಡಿದ ಕೋಣೆ, ಬಿಚ್ಚಿ ತಂದು ಉಕ್ಕು ಹೊದ್ದ ಈ ಕಟ್ಟಡದೊಳಗೆ ಕೂರಿಸಿದ್ದಾರೆ. ಹೊರಗೆ ನಿಂತು ಎಷ್ಟು ಫೋಟೋ ತೆಗೆದರೂ ಇದು ಗೊತ್ತಾಗುವುದಿಲ್ಲ.

ಇದು ದಿನಾ ಕೆಲಸ ನಡೆಯುವ ಜಾಗ. ಸುಮ್ನೆ ಹೋಗಿ ನೋಡಿಕೊಂಡು ಬರ್ತೀನಿ ಅಂದರೆ ಬಾಗಿಲಲ್ಲೇ ತಡೆಯುತ್ತಾರೆ. ಆದರೆ ಸೆಪ್ಟೆಂಬರ್ ತಿಂಗಳ ಕೆಲವು ದಿನ ಲಂಡನ್ನಿನಲ್ಲಿ ಈ ನಿಯಮ ಸಡಿಲವಾಗುತ್ತದೆ. ಲಾಯ್ಡ್ಸ್ ಎಷ್ಟೋ ವರ್ಷ ಆ ದಿನಗಳಲ್ಲಿ ಬಾಗಿಲು ತೆರೆದಿದೆ. ಆ ಹಬ್ಬದ ಹೆಸರೇ ಓಪನ್ ಹೌಸ್.

ಹಬ್ಬ ಒಂದು, ಮನೆಯವರು ನೂರಾರು

ವರ್ಷಕ್ಕೊಮ್ಮೆ, ಒಂದು ವಾರಾಂತ್ಯವೋ ಕೆಲವು ದಿನವೋ, ನಗರದ ತುಂಬ ಇರುವ ಕಟ್ಟಡಗಳು ಜನರಿಗೆ ಬಾಗಿಲು ತೆರೆಯುತ್ತವೆ. ದುಡ್ಡು ಕೊಡಬೇಕಿಲ್ಲ. ಆರ್ಕಿಟೆಕ್ಚರ್ ಓದಿರಬೇಕಿಲ್ಲ. ಕಚೇರಿ, ಮನೆ, ಶಾಲೆ, ಚರ್ಚು, ಮಸೀದಿ, ಪಂಪ್‌ಹೌಸ್, ನಾಟಕಶಾಲೆ, ಸರ್ಕಾರಿ ಭವನ ಎಲ್ಲವೂ ಪಟ್ಟಿಯಲ್ಲಿ ಇರುತ್ತವೆ. ಲಂಡನ್ನಿನ ಪಟ್ಟಿ ಕೆಲವು ವರ್ಷ 800 ದಾಟಿದೆ.

ಮೊದಲ ಸಲ ಹೋಗುವವರಿಗೆ ಇದು ಗೊಂದಲ ಅನ್ನಿಸುತ್ತದೆ. ಒಂದು ಕಡೆ ಬುಕಿಂಗ್ ಬೇಕು, ಇನ್ನೊಂದು ಕಡೆ ಬೇಡ. ಒಂದು ಕಟ್ಟಡ ಎರಡು ಗಂಟೆ ಮಾತ್ರ ತೆರೆದಿರುತ್ತದೆ, ಪಕ್ಕದ್ದು ಇಡೀ ದಿನ. ಇಲ್ಲಿ ಫೋಟೋ ತೆಗೆಯಬಹುದು, ಅಲ್ಲಿ ಫೋನನ್ನೇ ಒಳಗಿಡಿ ಅನ್ನುತ್ತಾರೆ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ತಾನೇ ತಿಳಿಯುತ್ತದೆ. ಈ ಹಬ್ಬಕ್ಕೆ ಒಬ್ಬ ಯಜಮಾನ ಇಲ್ಲ. ಒಂದು ಸಂಸ್ಥೆ ಪಟ್ಟಿ ಮಾಡುತ್ತದೆ, ವೇಳಾಪಟ್ಟಿ ಹಾಕುತ್ತದೆ, ವಾಲಂಟಿಯರ್‌ಗಳನ್ನು ಹೊಂದಿಸುತ್ತದೆ. ಆದರೆ ಬಾಗಿಲು ತೆರೆಯುವವರು ಆಯಾ ಕಟ್ಟಡದವರೇ. ಅವರ ಅನುಕೂಲ, ಅವರ ನಿಯಮ. ನೀವು ಮ್ಯೂಸಿಯಂಗೆ ಹೋಗುತ್ತಿಲ್ಲ, ನೂರಾರು ಜನರ ಪೈಕಿ ಒಬ್ಬರ ಮನೆಗೆ ಹೋಗುತ್ತಿದ್ದೀರಿ. ಇದೊಂದು ನೆನಪಿದ್ದರೆ ಸಾಕು.

ಪುಕ್ಕಟೆ ಅಂದರೆ ಖರ್ಚೇ ಇಲ್ಲ ಅಂತಲ್ಲ. ಕಟ್ಟಡದವರು ತಮ್ಮ ಸಮಯ ಕೊಡುತ್ತಾರೆ. ಸೆಕ್ಯುರಿಟಿ, ಸ್ವಚ್ಛತೆ ಅವರೇ ನೋಡಿಕೊಳ್ಳುತ್ತಾರೆ. ಸಂಸ್ಥೆಗಳು ದೇಣಿಗೆ, ಪ್ರಾಯೋಜಕರು, ಸದಸ್ಯತ್ವ, ಸ್ಥಳೀಯ ಆಡಳಿತದ ನೆರವು ಇಂಥದ್ದರಲ್ಲಿ ನಡೆಯುತ್ತವೆ. ನ್ಯೂಯಾರ್ಕ್‌ನಂಥ ಕಡೆ ಮುಂಗಡವಾಗಿ ಜಾಗ ಕಾಯ್ದಿರಿಸುವುದಕ್ಕೆ ಮಾತ್ರ ಸಣ್ಣ ಶುಲ್ಕ ಇದೆ. ಹಾಗೇ ಹೋಗಿ ನೋಡುವ ಜಾಗಗಳಿಗೆ ಅದೂ ಇಲ್ಲ.

ಇಷ್ಟೆಲ್ಲ ತೊಂದರೆ ತೆಗೆದುಕೊಂಡು ಅವರು ಯಾಕೆ ಬಾಗಿಲು ತೆರೆಯುತ್ತಾರೆ? ಆರ್ಕಿಟೆಕ್ಟ್‌ಗೆ ತಾನು ಕಟ್ಟಿದ್ದನ್ನು ತೋರಿಸುವ ಆಸೆ ಇರುತ್ತದೆ. ಮನೆಯವರಿಗೆ ಮನೆಯ ಮೇಲಿನ ಹೆಮ್ಮೆ. ಸರ್ಕಾರಿ ಕಚೇರಿಗೆ ಜನರ ಕಣ್ಣಿಗೆ ಬೀಳುವ ಅವಕಾಶ. ಹಳೆಯ ಕಟ್ಟಡ ಉಳಿಸಲು ಹೆಣಗುವ ಗುಂಪಿಗೆ ನಾಲ್ಕು ಹೊಸ ಕೈ ಸಿಗಬಹುದೆಂಬ ನಿರೀಕ್ಷೆ. ಎಲ್ಲ ಕಾರಣಗಳೂ ಒಳ್ಳೆಯವೇ.

ಎಲ್ಲಿಂದ ಬಂತು

ಬಾಗಿಲು ತೆರೆಯುವ ಈ ಪದ್ಧತಿಗೆ ಎರಡು ಬೇರು. ಮೊದಲನೆಯದು ಫ್ರಾನ್ಸ್‌ನದು. 1984ರಲ್ಲಿ ಜ್ಯಾಕ್ ಲಾಂಗ್ ಸಂಸ್ಕೃತಿ ಸಚಿವರಾಗಿದ್ದಾಗ ಅಲ್ಲಿನ ಸ್ಮಾರಕಗಳನ್ನು ಒಂದು ದಿನ ಜನರಿಗೆ ತೆರೆದರು. ಅದು ಹಬ್ಬುತ್ತಾ ಹೋಗಿ, 1991ರಿಂದ ಯುರೋಪಿನ ಮಟ್ಟದ ಪರಂಪರೆ ದಿನಗಳಾಯಿತು. ಗ್ಲಾಸ್ಗೋ 1990ರಲ್ಲಿ ಯುರೋಪಿನ ಸಂಸ್ಕೃತಿ ನಗರವಾಗಿದ್ದಾಗ ಸ್ಕಾಟ್ಲೆಂಡಿಗೂ ಇದು ಬಂತು. ಇಲ್ಲಿ ಮುಖ್ಯವಾಗಿ ಹಳೆಯದಕ್ಕೆ, ಪರಂಪರೆಗೆ ಮರ್ಯಾದೆ.

ಎರಡನೆಯದು 1992ರಲ್ಲಿ ವಿಕ್ಟೋರಿಯಾ ಥಾರ್ನ್‌ಟನ್ ಲಂಡನ್ನಿನಲ್ಲಿ ಶುರು ಮಾಡಿದ ಓಪನ್ ಹೌಸ್. ಇದರ ಗುರಿಯೇ ಬೇರೆ. ಹಳೆಯದು ಹೊಸದು ಎಂಬ ಭೇದ ಇಲ್ಲ. ಹೋದ ವರ್ಷ ಮುಗಿದ ಮನೆಗೂ ಇಲ್ಲಿ ಜಾಗ ಇದೆ. ಒಳ್ಳೆಯ ವಿನ್ಯಾಸ ಅಂದರೆ ಏನು ಅನ್ನುವುದು ಸಾಮಾನ್ಯ ಜನರಿಗೆ ಮೈಮೇಲೆ ಅನುಭವವಾಗಬೇಕು. ಆಗ ಮಾತ್ರ ತಮ್ಮ ಬೀದಿಯಲ್ಲಿ ಹೊಸದೊಂದು ಕಟ್ಟಡ ಏಳುವಾಗ ಇದು ಬೇಕು, ಇದು ಬೇಡ ಅಂತ ಅವರು ಧೈರ್ಯವಾಗಿ ಮಾತಾಡಬಲ್ಲರು. ಈ ಯೋಚನೆ ನನಗೆ ಬಹಳ ಹಿಡಿಸುತ್ತದೆ. ಕಟ್ಟಡದ ಬಗ್ಗೆ ಮಾತಾಡುವ ಹಕ್ಕು ಅದನ್ನು ಕಟ್ಟಿದವರಿಗೆ ಮಾತ್ರ ಸೇರಿದ್ದಲ್ಲ, ಅದರ ನೆರಳಲ್ಲಿ ಓಡಾಡುವ ಎಲ್ಲರದ್ದೂ ಹೌದು ಅಲ್ವಾ?

ಆಮೇಲೆ ಒಂದೊಂದೇ ನಗರ ಸೇರಿಕೊಂಡಿತು. ನ್ಯೂಯಾರ್ಕ್ 2003ರಲ್ಲಿ, ಡಬ್ಲಿನ್ 2005ರಲ್ಲಿ, ಮೆಲ್ಬರ್ನ್ 2008ರಲ್ಲಿ, ಬಾರ್ಸಿಲೋನಾ 2010ರಲ್ಲಿ, ಶಿಕಾಗೋ 2011ರಲ್ಲಿ. ಬ್ಯೂನಸ್ ಐರಿಸ್, ಲಾಗೋಸ್ ಕೂಡ ಬಂದವು. ಈಗ ಓಪನ್ ಹೌಸ್ ವರ್ಲ್ಡ್‌ವೈಡ್ ಎಂಬ ಕೂಟದಲ್ಲಿ 50ಕ್ಕೂ ಹೆಚ್ಚು ನಗರಗಳಿವೆ. ಟೊರಾಂಟೊದಲ್ಲಿ 2000ದಿಂದ ನಡೆಯುವ ಡೋರ್ಸ್ ಓಪನ್ ಹೆಸರಲ್ಲಿ ಬೇರೆ, ಉದ್ದೇಶದಲ್ಲಿ ಹತ್ತಿರದ ನೆಂಟ.

ಒಳಗೆ ಹೋಗುವ ಮೂರು ದಾರಿ

ಎಲ್ಲೇ ಹೋದರೂ ಪ್ರವೇಶ ಹೆಚ್ಚುಕಮ್ಮಿ ಮೂರು ಬಗೆ. ಮೊದಲು ಬಂದವರಿಗೆ ಮೊದಲು ಅನ್ನುವುದು ಒಂದು. ಬುಕಿಂಗ್ ಬೇಡ, ಹೋಗಿ ಸಾಲಿನಲ್ಲಿ ನಿಂತರೆ ಸಾಕು. ಮುಂಗಡ ಬುಕಿಂಗ್ ಇನ್ನೊಂದು. ಗೈಡ್ ಜೊತೆಗೆ ಸಣ್ಣ ಗುಂಪಾಗಿ ಕರೆದುಕೊಂಡು ಹೋಗುವ ಜಾಗಗಳಿಗೆ, ಜನ ವಾಸವಿರುವ ಮನೆಗಳಿಗೆ ಇದು ಬೇಕು. ಮೂರನೆಯದು ಚೀಟಿ ಎತ್ತುವುದು. ಬಹಳ ಬೇಡಿಕೆ ಇರುವ, ಒಳಗೆ ಬರುವವರ ಗುರುತು ಪರಿಶೀಲಿಸಬೇಕಾದ ಕಟ್ಟಡಗಳಿಗೆ ಇದು. ಬ್ರಿಟನ್ ಪ್ರಧಾನಿಯ ನಿವಾಸ 10 ಡೌನಿಂಗ್ ಸ್ಟ್ರೀಟ್ ತೆರೆದ ವರ್ಷಗಳಲ್ಲಿ ಹೀಗೇ ಆಯ್ಕೆ ಮಾಡಿದ್ದರು.

ಬುಕಿಂಗ್ ಇರುವ ಹೆಸರಾಂತ ಜಾಗಗಳು ತೆರೆದ ಕೂಡಲೇ ಭರ್ತಿಯಾಗುತ್ತವೆ. ಸಂಸ್ಥೆಯ ಈಮೇಲ್ ಪಟ್ಟಿಗೆ ಮೊದಲೇ ಸೇರಿಕೊಂಡಿದ್ದರೆ ಬುಕಿಂಗ್ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಗೊತ್ತಾಗುತ್ತದೆ. ಸಿಗಲಿಲ್ಲವಾ? ಕೈಬಿಡಬೇಡಿ. ಹಬ್ಬದ ಹಿಂದಿನ ಎರಡು ದಿನ ಮತ್ತೆ ಮತ್ತೆ ನೋಡಿ. ಬರಲಾಗದವರು ಬಿಟ್ಟುಕೊಟ್ಟ ಜಾಗಗಳು ಆಗ ಹೊರಬರುತ್ತವೆ.

ಇದಕ್ಕೆ ತಿರುಗುಮುರುಗಾದ ಮಾತೂ ಇದೆ. ನೀವು ಬುಕ್ ಮಾಡಿ ಹೋಗಲಾಗದಿದ್ದರೆ ದಯವಿಟ್ಟು ರದ್ದು ಮಾಡಿ. ದುಡ್ಡು ಕೊಟ್ಟಿಲ್ಲವಲ್ಲ, ಹೋಗದಿದ್ದರೇನು ಅನ್ನಿಸುವುದು ಸಹಜ. ಆದರೆ ಹತ್ತು ಜನರ ಗುಂಪಿಗೆ ಆರೇ ಜನ ಬಂದರೆ, ಉಳಿದ ನಾಲ್ಕು ಜಾಗಕ್ಕೆ ಆಸೆಪಟ್ಟವರು ಮನೆಯಲ್ಲೇ ಕೂತಿರುತ್ತಾರೆ. ರಜಾದಿನ ಬಿಟ್ಟು ತೋರಿಸಲು ಬಂದ ಆರ್ಕಿಟೆಕ್ಟ್‌ಗೂ ಬೇಜಾರು.

ಸಾಲಿನ ಬಗ್ಗೆ ನನಗೊಂದು ಪಾಠ ಆಗಿದೆ. ಮೊದಲ ಸಲ ಹೋದಾಗ ಎಲ್ಲರೂ ಹೊಗಳುವ ಒಂದು ಎತ್ತರದ ಕಟ್ಟಡಕ್ಕೆ ನೇರ ಹೋದೆ. ಸಾಲು ಎರಡು ಮೂಲೆ ತಿರುಗಿತ್ತು. ಎರಡೂವರೆ ಗಂಟೆ ನಿಂತೆ. ಬಾಗಿಲು ಕಣ್ಣಿಗೆ ಕಾಣುವ ಹೊತ್ತಿಗೆ ಇವತ್ತಿಗೆ ಇಷ್ಟೇ ಅಂದರು. ವೇಳಾಪಟ್ಟಿಯಲ್ಲಿ ಬರೆದಿದ್ದ ಸಮಯ ಮುಚ್ಚುವ ಸಮಯ, ಕೊನೆಯ ಪ್ರವೇಶ ಅದಕ್ಕಿಂತ ಮುಂಚೆಯೇ ಮುಗಿಯುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಆ ಮಧ್ಯಾಹ್ನ ಪೂರ್ತಿ ಕೈತಪ್ಪಿತು. ಸಾಲಿನಲ್ಲಿ ನನ್ನ ಹಿಂದಿದ್ದ ಅಜ್ಜಿ ಒಬ್ಬರು ಹೇಳಿದ ಮಾತು ಮಾತ್ರ ಉಳಿಯಿತು: "ದೊಡ್ಡದಕ್ಕೆ ಬೆಳಿಗ್ಗೆ ಮೊದಲು ಬನ್ನಿ, ಇಲ್ಲದಿದ್ದರೆ ಬರಲೇಬೇಡಿ."

ಈಗ ನಾನು ಮಾಡುವುದು ಇಷ್ಟೇ. ಅರ್ಧ ದಿನಕ್ಕೆ ಒಂದೇ ಬಡಾವಣೆ. ಆಸೆಪಟ್ಟದ್ದು ಒಂದು, ಅದರ ಸುತ್ತ ನಡೆದೇ ಹೋಗಬಹುದಾದ ಸಣ್ಣವು ಎರಡು ಮೂರು. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಎಂಟು ಕಟ್ಟಡ ಓಡಿ ಓಡಿ ನೋಡಿದ ದಿನ ರಾತ್ರಿ ಯಾವ ಮೆಟ್ಟಿಲು ಎಲ್ಲಿಯದು ಅನ್ನುವುದೇ ಕಲಸಿಹೋಗುತ್ತದೆ. ಬಸ್ಸು ರೈಲಿನಲ್ಲಿ ಕಳೆಯುವ ಹೊತ್ತೂ ನೋಡುವ ಹೊತ್ತಿನಿಂದಲೇ ಹೋಗುವುದು.

ಗಾಲಿಕುರ್ಚಿ ಬಳಸುವವರು, ಮೆಟ್ಟಿಲು ಹತ್ತಲು ಕಷ್ಟಪಡುವವರು ಜೊತೆಗಿದ್ದರೆ ಪ್ರತಿ ಕಟ್ಟಡದ ವಿವರದಲ್ಲಿ ಆ ಸೌಲಭ್ಯದ ಬಗ್ಗೆ ಬರೆದಿರುವುದನ್ನು ಮೊದಲು ನೋಡಿ. ಹಳೆಯ ಗೋಪುರ, ಪಂಪ್‌ಹೌಸ್‌ಗಳಲ್ಲಿ ಲಿಫ್ಟು ಇರುವುದಿಲ್ಲ. ಬಾಗಿಲಿಗೆ ಹೋಗಿ ವಾಪಸು ಬರುವುದಕ್ಕಿಂತ ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರಿಲ್ಲದವುಗಳ ಕಡೆಗೆ

ಪಟ್ಟಿ ಕೈಗೆ ಬಂದಾಗ ಕಣ್ಣು ಮೊದಲು ಪ್ರಸಿದ್ಧ ಹೆಸರುಗಳ ಮೇಲೆ ಬೀಳುತ್ತದೆ. ನನ್ನ ಮಾತು ಕೇಳಿದರೆ ಒಂದನ್ನು ಇಟ್ಟುಕೊಳ್ಳಿ, ಉಳಿದದ್ದು ಬಿಡಿ. ಎತ್ತರದ ಕಚೇರಿಯ ತುದಿಗೆ ಹತ್ತಿದರೆ ಸಿಗುವುದು ಹೆಚ್ಚಾಗಿ ಊರಿನ ನೋಟ. ಅದು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಹಬ್ಬದ ನಿಜವಾದ ಸಂಪತ್ತು ಜನ ವಾಸವಿರುವ ಮನೆಗಳಲ್ಲಿ, ಊರನ್ನು ನಡೆಸುವ ಯಂತ್ರಗಳಿರುವ ಜಾಗಗಳಲ್ಲಿ ಇದೆ. ಇವು ವರ್ಷದ ಬೇರೆ ದಿನ ಸಿಗುವುದೇ ಕಷ್ಟ.

ಲಂಡನ್ನಿನ ದಕ್ಷಿಣದ ಲೂಯಿಶಮ್‌ನಲ್ಲಿ ವಾಲ್ಟರ್ಸ್ ವೇ ಅನ್ನುವ ಪುಟ್ಟ ಓಣಿ ಇದೆ. ಹದಿಮೂರು ಮನೆ. ಓಪನ್ ಹೌಸ್‌ನಲ್ಲಿ ಇಲ್ಲಿನ ನಿವಾಸಿಗಳು ಬಾಗಿಲು ತೆರೆಯುತ್ತಾ ಬಂದಿದ್ದಾರೆ. ಇವುಗಳನ್ನು ಕಟ್ಟಿದ್ದು ಕಂಟ್ರಾಕ್ಟರ್ ಅಲ್ಲ, ಅಲ್ಲಿ ವಾಸಕ್ಕೆ ಬಂದ ಜನರೇ. ಮನೆಗಾಗಿ ಪಾಲಿಕೆಯ ಕಾಯುವ ಪಟ್ಟಿಯಲ್ಲಿದ್ದವರಿಂದ ಚೀಟಿ ಎತ್ತಿ ಆರಿಸಿದರು. ಜಾಗ ಇಳಿಜಾರು, ಮಾಮೂಲಿ ಮನೆ ಕಟ್ಟಲು ಆಗದು ಅಂತ ಬಿಟ್ಟಿದ್ದ ನೆಲ.

ಇದು ಸಾಧ್ಯವಾದದ್ದು ವಾಲ್ಟರ್ ಸೀಗಲ್ ಎಂಬ ಆರ್ಕಿಟೆಕ್ಟ್ ಕಂಡುಕೊಂಡ ಒಂದು ವಿಧಾನದಿಂದ. ಅರವತ್ತರ ದಶಕದ ಆರಂಭದಲ್ಲಿ ಅವರು ತಮ್ಮ ಮನೆ ಕಟ್ಟುವಾಗ ಅಲ್ಲಿಯವರೆಗೆ ಇರಲು ತೋಟದಲ್ಲಿ ಒಂದು ತಾತ್ಕಾಲಿಕ ಮನೆ ಎಬ್ಬಿಸಿದರು. ಎರಡು ವಾರದಲ್ಲಿ ಮುಗಿಯಿತು. ಖರ್ಚು ಸುಮಾರು 800 ಪೌಂಡ್. ನೋಡಿದವರೆಲ್ಲ ನಮಗೂ ಇಂಥದ್ದೇ ಬೇಕು ಅಂದರು. ಗುಟ್ಟು ಏನೆಂದರೆ, ಅಂಗಡಿಯಲ್ಲಿ ಹಲಗೆ, ಶೀಟು ಯಾವ ಅಳತೆಯಲ್ಲಿ ಸಿಗುತ್ತದೋ ಅದೇ ಅಳತೆಗೆ ಮನೆಯ ನಕ್ಷೆ ಹಾಕುವುದು. ಹಾಗಾಗಿ ಕೊಯ್ಯುವ ಕೆಲಸ ಕಡಿಮೆ, ಹಾಳಾಗುವ ಸಾಮಾನೂ ಕಡಿಮೆ. ಇಟ್ಟಿಗೆ ಇಲ್ಲ, ಗಾರೆ ಇಲ್ಲ, ಗಿಲಾವು ಇಲ್ಲ. ಮರದ ಚೌಕಟ್ಟು, ಬೋಲ್ಟು, ಅದರ ಮಧ್ಯೆ ಹಲಗೆಗಳು. ಒಬ್ಬ ಸಾಮಾನ್ಯ ಮನುಷ್ಯ ಗರಗಸ, ಡ್ರಿಲ್ ಹಿಡಿಯಲು ಕಲಿತರೆ ಸಾಕು.

ಅಲ್ಲಿ ಹೋದಾಗ ಬಗ್ಗಿ ಮನೆಯ ಅಡಿ ನೋಡಿ. ಕಂಬಗಳು ಒಂದೊಂದಾಗಿ ಬೇರೆ ಬೇರೆ ಕಾಂಕ್ರೀಟ್ ಗುಂಡಿಗಳ ಮೇಲೆ ನಿಂತಿವೆ. ಇಳಿಜಾರಿನ ಮೇಲ್ಗಡೆ ಕಂಬ ಗಿಡ್ಡ, ಕೆಳಗಡೆ ಉದ್ದ. ನೆಲವನ್ನು ಅಗೆದು ಸಮ ಮಾಡಲೇ ಇಲ್ಲ. ಹಾಗಾಗಿಯೇ ಸುತ್ತಲಿನ ಮರಗಳು ಉಳಿದವು. ಗೋಡೆ ಭಾರ ಹೊರುವುದಿಲ್ಲ, ಭಾರ ಹೊರುವುದು ಚೌಕಟ್ಟು. ಅದಕ್ಕೇ ಮಕ್ಕಳು ಹುಟ್ಟಿದಾಗ ಒಂದು ಗೋಡೆ ಈಚೆಗೆ ತಂದದ್ದು, ಅವರು ದೊಡ್ಡವರಾಗಿ ಹೋದ ಮೇಲೆ ಆಚೆಗೆ ಸರಿಸಿದ್ದು ಇಂಥ ಮನೆಗಳಲ್ಲಿ ದೊಡ್ಡ ಕೆಲಸವಲ್ಲ. ಸೀಗಲ್ 1985ರಲ್ಲಿ ತೀರಿಕೊಂಡರು. ಓಣಿಗೆ ಇಟ್ಟದ್ದು ಅವರ ಹೆಸರನ್ನೇ.

ನಗರದ ಪಶ್ಚಿಮಕ್ಕೆ ಇರುವ ಟ್ರೆಲಿಕ್ ಟವರ್ ಇದಕ್ಕೆ ಪೂರ್ತಿ ಉಲ್ಟಾ. 31 ಮಹಡಿಯ ಕಾಂಕ್ರೀಟ್ ಗೋಪುರ, ಎರ್ನೋ ಗೋಲ್ಡ್‌ಫಿಂಗರ್ ವಿನ್ಯಾಸ, 1972ರಲ್ಲಿ ಮುಗಿದದ್ದು. ಲಿಫ್ಟಿಗೆ ಅಂತ ಬೇರೆಯದೇ ಒಂದು ಸಪೂರ ಗೋಪುರ ಪಕ್ಕದಲ್ಲಿದೆ. ಎರಡನ್ನೂ ಸೇರಿಸುವ ಸೇತುವೆಗಳು ಪ್ರತಿ ಮಹಡಿಗೂ ಇಲ್ಲ, ಮೂರು ಮಹಡಿಗೆ ಒಂದು. ದೂರದಿಂದ ನೋಡುವಾಗ ವಿಚಿತ್ರ ಅನ್ನಿಸುವುದು ಇಷ್ಟು. ಅಲ್ಲಿನ ಒಂದು ಫ್ಲ್ಯಾಟಿನೊಳಗೆ ಹೋಗಿ ನಿಂತರೆ ಕಾರಣ ಗೊತ್ತಾಗುತ್ತದೆ. ಲಿಫ್ಟಿನ ಸದ್ದು ಕೇಳುವುದಿಲ್ಲ. ಲಿಫ್ಟಿನಿಂದ ಮನೆಗೆ ಹೋಗುವ ಓಣಿಗಳು ಕಡಿಮೆಯಾದ ಕಾರಣ ಆ ಜಾಗ ಮನೆಗಳಿಗೆ ಸೇರಿದೆ. ಕೆಳಗಿನಿಂದ ಗಡುಸಾಗಿ ಕಂಡ ಕಟ್ಟಡದ ಒಳಗೆ ಬೆಳಕು ಸುರಿಯುತ್ತಿರುತ್ತದೆ.

ಇನ್ನು ಯಂತ್ರಗಳ ಜಾಗಕ್ಕೆ ಬಂದರೆ ಕ್ರಾಸ್‌ನೆಸ್ ಪಂಪಿಂಗ್ ಸ್ಟೇಷನ್. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನವರೇ ಕೂರಲಾರದಾದರು. ಆಮೇಲೆ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ಇಡೀ ಲಂಡನ್ನಿಗೆ ಒಳಚರಂಡಿ ಹಾಕಿದರು. ಕೊಳಚೆ ಇಳಿಜಾರಿನಲ್ಲಿ ತಾನೇ ಹರಿದು ಪೂರ್ವಕ್ಕೆ ಬರುತ್ತಿತ್ತು. ಕ್ರಾಸ್‌ನೆಸ್‌ನಲ್ಲಿ ಅದನ್ನು ಪಂಪು ಮಾಡಿ ಮೇಲಿನ ತೊಟ್ಟಿಗೆ ಎತ್ತಿ, ಸಮುದ್ರದ ಉಬ್ಬರ ಇಳಿಯಲು ಶುರುವಾದಾಗ ನದಿಗೆ ಬಿಡುತ್ತಿದ್ದರು. ಇಳಿತದ ನೀರು ಅದನ್ನು ಊರಿನ ಕಡೆ ತಿರುಗಿಸದೆ ಸಮುದ್ರದ ಕಡೆಗೇ ಒಯ್ಯುತ್ತಿತ್ತು. 1865ರಲ್ಲಿ ಶುರುವಾದ ಈ ಪಂಪ್‌ಹೌಸ್‌ನಲ್ಲಿ ನಾಲ್ಕು ದೈತ್ಯ ಹಬೆಯಂತ್ರಗಳಿವೆ. ಅವಕ್ಕೆ ರಾಜಮನೆತನದವರ ಹೆಸರು. ಪ್ರಿನ್ಸ್ ಕನ್ಸಾರ್ಟ್ ಎಂಬುದನ್ನು ವಾಲಂಟಿಯರ್‌ಗಳು ವರ್ಷಗಟ್ಟಲೆ ತುಕ್ಕು ಉಜ್ಜಿ 2003ರಲ್ಲಿ ಮತ್ತೆ ಓಡಿಸಿದರು. ಕೊಳಚೆ ಪಂಪಿನ ಮನೆಗೆ ಕೆಂಪು ಹಸಿರು ಬಣ್ಣದ ಎರಕದ ಕಬ್ಬಿಣದಲ್ಲಿ ಬಳ್ಳಿ, ಎಲೆ, ಹೂವು ಬಿಡಿಸಿದ್ದಾರೆ. ಯಾರೂ ನೋಡಬೇಕಿಲ್ಲದ ಜಾಗಕ್ಕೂ ಅಷ್ಟು ಅಕ್ಕರೆ.

ಭಾರತದ ಚರಿತ್ರೆಯಲ್ಲಿ ಆಸಕ್ತಿ ಇದ್ದವರಿಗೆ ಇನ್ನೊಂದು. ಬ್ರಿಟನ್ನಿನ ವಿದೇಶಾಂಗ ಕಚೇರಿಯೊಳಗೆ ದರ್ಬಾರ್ ಕೋರ್ಟ್ ಎಂಬ ಅಮೃತಶಿಲೆ ಹಾಸಿದ ಅಂಗಳ ಇದೆ. ಮ್ಯಾಥ್ಯೂ ಡಿಗ್ಬಿ ವಯಟ್ ಕಟ್ಟಿದ ಅದು 1867ರಲ್ಲಿ ಟರ್ಕಿಯ ಸುಲ್ತಾನನ ಸತ್ಕಾರಕ್ಕೆ ಮೊದಲ ಸಲ ಬಳಕೆಯಾಯಿತು. ಅದು ಆಗ ಲಂಡನ್ನಿನಲ್ಲಿ ಕೂತು ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಭಾಗ. ಸುತ್ತಲಿನ ಕಮಾನುಗಳ ಮೇಲೆ ಭಾರತದ ಆಳ್ವಿಕೆಗೆ ಸಂಬಂಧಪಟ್ಟವರ ಮೂರ್ತಿಗಳಿವೆ. 1947ರವರೆಗೆ ನಮ್ಮ ದೇಶದ ಕಾಗದಪತ್ರಗಳು ಓಡಾಡಿದ ಓಣಿಗಳ ನಡುವೆ ಪುಕ್ಕಟೆಯಾಗಿ, ಯಾರ ಅಪ್ಪಣೆಗೂ ಕಾಯದೆ ನಿಲ್ಲುವುದು ಬೇರೆಯದೇ ಅನುಭವ.

ಒಳಗೆ ಹೋದ ಮೇಲೆ ಏನನ್ನು ನೋಡಬೇಕು

ಶೈಲಿಗಳ ಹೆಸರು ಗೊತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೈಗೆ ಗೊತ್ತಾಗುವುದರಿಂದ ಶುರು ಮಾಡಿ.

ಹೊಸ್ತಿಲು ದಾಟುವಾಗ ಒಂದು ಕ್ಷಣ ನಿಧಾನಿಸಿ. ಸೂರು ತಗ್ಗಿದ್ದು ಆಮೇಲೆ ಒಮ್ಮೆಲೇ ಎತ್ತರವಾಯಿತಾ? ಅದು ಆಕಸ್ಮಿಕ ಅಲ್ಲ. ತಗ್ಗಿನಿಂದ ಬಂದವರಿಗೆ ಎತ್ತರ ಇನ್ನೂ ಎತ್ತರವಾಗಿ ಕಾಣಲಿ ಅಂತ ಮಾಡಿದ್ದು.

ಮೆಟ್ಟಿಲು ಹತ್ತುವಾಗ ಕಾಲು ಸೋತಿತಾ, ಸಲೀಸಾಗಿ ಹೋಯಿತಾ ಗಮನಿಸಿ. ಸಲೀಸಾದ ಮೆಟ್ಟಿಲಿಗೆ ಹಳೆಯದೊಂದು ಲೆಕ್ಕ ಇದೆ, ಹದಿನೇಳನೇ ಶತಮಾನದ ಫ್ರೆಂಚ್ ಆರ್ಕಿಟೆಕ್ಟ್ ಬ್ಲಾಂಡೆಲ್ ಹೇಳಿದ್ದು. ಒಂದು ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ, ಕಾಲಿಡುವ ಅಗಲವನ್ನು ಕೂಡಿಸಿ. ಸುಮಾರು 60ರಿಂದ 65 ಸೆಂಟಿಮೀಟರ್ ಬಂದರೆ ಅದು ನಮ್ಮ ಹೆಜ್ಜೆಗೆ ಒಗ್ಗುತ್ತದೆ. ಎತ್ತರ 16, ಅಗಲ 30 ಇದ್ದರೆ ಒಟ್ಟು 62. ಅಳತೆ ಟೇಪು ಬೇಡ, ನಿಮ್ಮ ಗೇಣು ಎಷ್ಟು ಅಂತ ಗೊತ್ತಿದ್ದರೆ ಸಾಕು. ಮಕ್ಕಳಿಗೆ ಈ ಆಟ ಬಹಳ ಇಷ್ಟವಾಗುತ್ತದೆ.

ಬೆಳಕು ಎಲ್ಲಿಯವರೆಗೆ ಬರುತ್ತದೆ ನೋಡಿ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಹಗಲ ಬೆಳಕು ಕೆಲಸಕ್ಕೆ ಬರುವಷ್ಟು ಸಿಗುತ್ತದೆ ಎಂಬುದು ಕಟ್ಟುವವರ ಅಂದಾಜು. ಹಳೆಯ ಶಾಲೆಗಳಲ್ಲಿ ಕಿಟಕಿ ಸೂರಿನವರೆಗೂ ಹೋಗಿರುವುದು ಅದಕ್ಕೇ. ಅಗಲದ ಕಿಟಕಿಗಿಂತ ಎತ್ತರದ ಕಿಟಕಿ ಕೋಣೆಯ ಆಳಕ್ಕೆ ಬೆಳಕು ಕಳಿಸುತ್ತದೆ.

ಗರ್ಕಿನ್ ಅಂತ ಎಲ್ಲರೂ ಕರೆಯುವ 30 ಸೇಂಟ್ ಮೇರಿ ಆಕ್ಸ್ ಕಟ್ಟಡ ದೂರದಿಂದ ಸೌತೆಕಾಯಿ ಹಾಗೆ ಪೂರ್ತಿ ಬಾಗಿದೆ. ಹತ್ತಿರ ಹೋಗಿ ಗಾಜಿನ ಒಂದೊಂದೇ ಫಲಕ ನೋಡಿದರೆ ಎಲ್ಲವೂ ಚಪ್ಪಟೆ. ಬಾಗಿದ ಗಾಜು ಇರುವುದು ಒಂದೇ ಒಂದು, ತುತ್ತತುದಿಯ ಮುಚ್ಚಳ. ಇಂಥದ್ದನ್ನು ಒಂದು ಸಲ ಕಂಡರೆ ಆಮೇಲೆ ಎಲ್ಲ ಕಟ್ಟಡದಲ್ಲೂ ಎರಡು ವಸ್ತು ಸೇರುವ ಸಂದನ್ನೇ ಕಣ್ಣು ಹುಡುಕುತ್ತದೆ. ಮರ ಕಲ್ಲಿಗೆ ಹೇಗೆ ತಾಗುತ್ತದೆ, ಗಾಜು ಗೋಡೆಗೆ ಎಲ್ಲಿ ಕೂರುತ್ತದೆ. ಕಟ್ಟಿದವರ ಶ್ರದ್ಧೆ ಗೊತ್ತಾಗುವುದು ಅಲ್ಲೇ.

ತೋರಿಸುವವರು ಸಿಕ್ಕಾಗ ಕೇಳಿ. ನಾಚಿಕೆ ಬೇಡ. "ಇದು ಯಾವ ಶೈಲಿ" ಅನ್ನುವ ಪ್ರಶ್ನೆಗೆ ಒಂದು ಪದದ ಉತ್ತರ ಬರುತ್ತದೆ. "ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ?" ಅಂತ ಕೇಳಿ ನೋಡಿ, ಕಥೆಯೇ ಬಿಚ್ಚಿಕೊಳ್ಳುತ್ತದೆ. ಮತ್ತೆ ಕಟ್ಟುವುದಾದರೆ ಏನು ಬದಲಾಯಿಸುತ್ತೀರಿ ಅನ್ನುವುದೂ ಒಳ್ಳೆಯ ಪ್ರಶ್ನೆ. ಮನೆ ತೋರಿಸುವವರು ಅಡುಗೆಮನೆಯ ಮೂಲೆಯೊಂದನ್ನು ತೋರಿಸಿ, ಬೆಳಿಗ್ಗೆ ಇಲ್ಲೇ ನಿಂತುಕೊಳ್ಳುತ್ತೇನೆ, ಬಿಸಿಲು ಇಲ್ಲೇ ಬೀಳುತ್ತದೆ ಅಂತ ಹೇಳಿದರೆ ಆ ಮನೆಯ ವಿನ್ಯಾಸದ ಅರ್ಧ ಪಾಠ ಅಲ್ಲೇ ಸಿಕ್ಕಿತು.

ಮನೆಯೊಳಗೆ ಹೋಗುವಾಗ ಶೂ ಬಿಡಬೇಕಾ, ಫೋಟೋ ತೆಗೆಯಬಹುದಾ ಅಂತ ಕೇಳಿಯೇ ಮುಂದುವರಿಯಿರಿ. ಕಪಾಟು ತೆರೆಯಬೇಡಿ. ಗೋಡೆಯ ಮೇಲಿನ ಮಕ್ಕಳ ಫೋಟೋ ನಿಮ್ಮ ಫೋಟೋದಲ್ಲಿ ಬರದ ಹಾಗೆ ನೋಡಿಕೊಳ್ಳಿ. ಸರ್ಕಾರಿ ಕಟ್ಟಡಕ್ಕೆ ಗುರುತಿನ ಚೀಟಿ ಒಯ್ಯಿರಿ, ದೊಡ್ಡ ಬ್ಯಾಗ್ ಬೇಡ.

ಈ ಹಬ್ಬ ಬಹಳ ಹಿಡಿಸಿದರೆ ಮುಂದಿನ ವರ್ಷ ವಾಲಂಟಿಯರ್ ಆಗಿ. ಅರ್ಧ ದಿನ ಒಂದು ಬಾಗಿಲಲ್ಲಿ ನಿಂತು ಜನರನ್ನು ಎಣಿಸುವುದು, ದಾರಿ ತೋರಿಸುವುದು ಅಷ್ಟೇ ಕೆಲಸ. ಹಲವು ನಗರಗಳಲ್ಲಿ ವಾಲಂಟಿಯರ್‌ಗಳಿಗೆ ಕೊಡುವ ಬ್ಯಾಡ್ಜ್ ತೋರಿಸಿದರೆ ಉಳಿದ ಹೊತ್ತು ಬೇರೆ ಕಟ್ಟಡಗಳಲ್ಲಿ ಸಾಲು ನಿಲ್ಲದೆ ಒಳಗೆ ಬಿಡುತ್ತಾರೆ. ಒಂದೇ ಕಟ್ಟಡದಲ್ಲಿ ನಾಲ್ಕು ಗಂಟೆ ಇದ್ದಾಗ ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯುವುದು ಕಾಣುತ್ತದೆ. ಅದು ಬಂದು ಹೋಗುವವರಿಗೆ ಸಿಗುವುದಿಲ್ಲ.

ಕೊನೆಯದಾಗಿ ಒಂದು ಅಭ್ಯಾಸ ಹೇಳುತ್ತೇನೆ. ಹೊರಗೆ ಬಂದ ಕೂಡಲೇ ಮುಂದಿನ ಕಟ್ಟಡಕ್ಕೆ ಓಡಬೇಡಿ. ರಸ್ತೆ ದಾಟಿ ಎದುರಿಗೆ ನಿಂತು ಈಗ ತಾನೇ ನೋಡಿದ್ದನ್ನು ಹೊರಗಿನಿಂದ ಮತ್ತೊಮ್ಮೆ ನೋಡಿ. ಲಾಯ್ಡ್ಸ್ ಎದುರು ನಾನು ಹಾಗೆ ನಿಂತಿದ್ದೆ. ಒಳಗೆ ಹೋಗುವ ಮುಂಚೆ ಅದು ಬರೀ ಪೈಪುಗಳ ರಾಶಿ. ಈಗ ಅಗೋ ಅದು ಮೆಟ್ಟಿಲಿನ ಗೋಪುರ, ಪಕ್ಕದಲ್ಲಿ ಒಂದರ ಮೇಲೊಂದು ಪೇರಿಸಿದ್ದು ಶೌಚಾಲಯದ ಡಬ್ಬಿಗಳು, ನೆತ್ತಿಯ ಮೇಲೆ ನೀಲಿ ಬಣ್ಣದ ಕ್ರೇನ್‌ಗಳು. ಗಾಜಿನ ಲಿಫ್ಟೊಂದು ಗೋಡೆಯ ಹೊರಗೆ ಮೇಲೇರುತ್ತಿತ್ತು. ಅದರೊಳಗಿದ್ದವರು ಯಾವ ಮಹಡಿಯಲ್ಲಿ ಇಳಿದು, ಯಾವ ಕಡೆ ತಿರುಗಿ, ಆ ದೊಡ್ಡ ಬಯಲಿನ ಯಾವ ಅಂಚಿಗೆ ಬಂದು ನಿಲ್ಲುತ್ತಾರೆ ಅಂತ ನನಗೆ ಗೊತ್ತಿತ್ತು.